ಎಐ ಸಹಾಯಕನ ಕೈಗೆ ಸಂಖ್ಯೆ, ದಿನಾಂಕಗಳ ಸಂಗತಿ ಕೊಡುವುದು ಹೇಗೆ? (ಶಾಲೆಯ ‘ದಿನದ ವಿಶೇಷ’ಕ್ಕಾಗಿ)

ಗಣಿತದ_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಪಂಚಾಂಗ, ಸುಭಾಷಿತ, ವಾರ್ತೆ ಆದಮೇಲೆ ‘ದಿನದ ವಿಶೇಷ’ ಓದಿಸುವುದು ನಿಮಗೆಲ್ಲ ಗೊತ್ತೇ ಇದೆ. ಈ ವರ್ಷ ಅದರ ಜೊತೆಗೆ ‘ದಿನದ ಸಂಖ್ಯೆ’ ಅಂತ ಒಂದನ್ನು ಶುರು ಮಾಡಿದೆ. ಮಕ್ಕಳಿಗೆ ತುಂಬಾ ಹಿಡಿಸಿತು. 6174ರ ವಿಷಯ (ಎಲ್ಲ ಅಂಕಿಯೂ ಒಂದೇ ಅಲ್ಲದ ಯಾವುದೇ ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಇಳಿಕೆ, ಏರಿಕೆ ಕ್ರಮದಲ್ಲಿ ಬರೆದು ಕಳೆಯುತ್ತಾ ಹೋದರೆ ಕೊನೆಗೆ ಇದೇ ಬರುತ್ತದೆ) ಹೇಳಿದ ದಿನ ಎಂಟನೇ ತರಗತಿಯವರು ಊಟದ ಬಿಡುವಿನಲ್ಲೂ ಅಂಗಳದ ಮಣ್ಣಿನ ಮೇಲೆ ಕಡ್ಡಿ ಹಿಡಿದು ಕಳೆಯುವ ಲೆಕ್ಕ ಮಾಡುತ್ತಾ ಕೂತಿದ್ದರು.

ದಿನಾ ಹೊಸದನ್ನು ಹುಡುಕಲು ಪುರುಸೊತ್ತಾಗದೆ ಎಐ ಸಹಾಯಕನನ್ನು ಕೇಳತೊಡಗಿದೆ. ಒಂದು ದಿನ ಅದು 2021 ಅವಿಭಾಜ್ಯ ಸಂಖ್ಯೆ ಎಂದಿತು. 43 × 47 ಅಂತ ನನಗೆ ಹೊಳೆಯುವಷ್ಟರಲ್ಲಿ ಮಗು ಮೈಕಿನಲ್ಲಿ ಓದಿ ಮುಗಿಸಿಯಾಗಿತ್ತು. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ, ‘ನೆನಪಿನಿಂದ ಹೇಳಿಸಬಾರದು ಆಂಟಿ, ಹೊರಗಿನ ಮೂಲ ಜೋಡಿಸಬೇಕು’ ಎಂದು ಇಂಗ್ಲಿಷಿನ ಒಂದು ಸಂಗತಿಗಳ ಸೇವೆಯನ್ನು ಜೋಡಿಸಿಕೊಟ್ಟ. ನವೆಂಬರ್ 1ಕ್ಕೆ ಕೇಳಿದಾಗ ಬಂದದ್ದು, ಲಾಲ್ ಬಹದ್ದೂರ್ ಶಾಸ್ತ್ರಿಯವರು ತಾಷ್ಕೆಂಟ್‌ನಲ್ಲಿ ನಿಧನರಾದ ದಿನ ಎಂದು. ರಾಜ್ಯೋತ್ಸವದ ಬೆಳಿಗ್ಗೆ ಅದನ್ನು ಓದಲು ಹಿಡಿದ ಒಂಬತ್ತನೇ ತರಗತಿಯ ಹುಡುಗಿಯೇ ಚೀಟಿ ನೋಡಿ, ‘ಮೇಡಂ, ಅದು ಜನವರಿಯಲ್ಲಲ್ವಾ?’ ಎಂದಳು. ಅವಳಿಂದ ಅವತ್ತು ಉಳಿದೆವು.

ನೆನಪಿನಿಂದ ಹೇಳಿದರೂ ತಪ್ಪು, ಮೂಲ ಜೋಡಿಸಿದರೂ ತಪ್ಪು. ಬಲ್ಲವರು ಸರಿಯಾದ ದಾರಿ ಹೇಳಿ.

ಕಲಬುರಗಿ_ಬಿಸಿಲು

ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಗೋಡಿ ಮ್ಯಾಲ ಕ್ಯಾಲೆಂಡರ್ ಅದ, ಲೈಬ್ರರ್ಯಾಗ ಪುಸ್ತಕ ಅವ. ಇದಕ್ಕೆಲ್ಲಾ ಮಷೀನ್ ಯಾಕ ಬೇಕು? ಮಕ್ಕಳೇ ಹುಡುಕಿ ಬರೀಲಿ. ಹುಡುಕೋದ್ರಾಗೇ ಕಲಿಯೋದು ಅದ.

ಗಣಿತದ_ಮೇಡಂ

ಸರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಮ್ಮ ಲೈಬ್ರರಿ ಎಂದರೆ ಎರಡು ಬೀರು. ಮೂರು ತರಗತಿಗೂ ಗಣಿತ ನನ್ನದೇ, ನಡುವೆ ಬೇರೆ ಡ್ಯೂಟಿಗಳು. ಮಕ್ಕಳ ಕೈಗೆ ಮೊದಲು ಒಂದು ಸುಳಿವು ಕೊಡಲಿಕ್ಕಾದರೂ ನನಗೆ ಇದು ಬೇಕು.

ತುಂಗಾತೀರ

ಮೇಡಂ, ನಿಮಗಾಗಿರುವುದು ಎರಡು ಬೇರೆ ಬೇರೆ ಜಾತಿಯ ತಪ್ಪು. ಎರಡಕ್ಕೂ ಒಂದೇ ಔಷಧ ಇಲ್ಲ.

2021ರದ್ದು ನೆನಪಿನಿಂದ ಹೇಳಿದ ತಪ್ಪು. ಸಹಾಯಕನ ಒಳಗಿರುವ ಭಾಷಾ ಮಾದರಿ ಸಾಮಾನ್ಯವಾಗಿ ತಾನಾಗಿ ಭಾಗಿಸಿ ನೋಡಲು ಹೋಗುವುದಿಲ್ಲ, ತಾನು ಓದಿದ ಪಠ್ಯದ ಅಂದಾಜಿನಿಂದ ಮುಂದಿನ ಮಾತು ಕಟ್ಟುತ್ತದೆ. 2017, 2027, 2029 ಮೂರೂ ಅವಿಭಾಜ್ಯ. 2021 ನೋಡಲು ಅವುಗಳ ತಮ್ಮನ ಹಾಗೇ ಇದೆ, 41ರವರೆಗೆ ಯಾವ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಇದಕ್ಕೆ ಯಾವ ಸಂಗತಿಕೋಶವೂ ಬೇಡ. ಅಪವರ್ತಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಕೈಗೆ ಕೊಟ್ಟರೆ ಸಾಕು. ವಾರ, ಅಧಿಕ ವರ್ಷ, ಎರಡು ದಿನಾಂಕಗಳ ನಡುವಿನ ಅಂತರ, ವರ್ಗ, ಘನ, ಇವೆಲ್ಲ ಲೆಕ್ಕ ಹಾಕಿ ತಿಳಿಯುವ ಸಂಗತಿಗಳು. ಇವುಗಳಲ್ಲಿ ಒಂದನ್ನೂ ನೆನಪಿನಿಂದ ಹೇಳಿಸಬೇಡಿ.

ನವೆಂಬರ್ 1ರದ್ದು ಜೋಡಣೆಯ ತಪ್ಪು. ನಿಮ್ಮ ಹುಡುಗ ಜೋಡಿಸಿದ್ದು ಯಾವ ಸೇವೆಯೋ ಗೊತ್ತಿಲ್ಲ, ಆದರೆ ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾವು 1/11 ಎಂದು ಬರೆದರೆ ಅದು ಜನವರಿ 11 ಎಂದು ಓದುತ್ತದೆ. ಶಾಸ್ತ್ರೀಜಿ ತೀರಿಕೊಂಡದ್ದು 1966ರ ಜನವರಿ 11. ಅಂದರೆ ಮೂಲ ಸುಳ್ಳು ಹೇಳಿಲ್ಲ, ಕೇಳಿದ್ದೇ ಬೇರೆ ದಿನ. 12ರ ಒಳಗಿನ ದಿನಗಳಿಗೆಲ್ಲ ಈ ಅಪಾಯ ಇದೆ. 12 ದಾಟಿದರೆ ಹದಿಮೂರನೇ ತಿಂಗಳು ಇಲ್ಲದ್ದರಿಂದ ತಪ್ಪು ತಾನೇ ಬಯಲಾಗುತ್ತದೆ.

ಈಗ ಇಂಥ ಜೋಡಣೆಗೆ ಹೆಚ್ಚಾಗಿ ಬಳಸುವುದು ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. ಆಂತ್ರಾಪಿಕ್ ಎಂಬ ಎಐ ಕಂಪನಿ 2024ರ ನವೆಂಬರ್‌ನಲ್ಲಿ ಇದನ್ನು ಎಲ್ಲರೂ ಬಳಸುವಂತೆ ಮುಕ್ತವಾಗಿ ಕೊಟ್ಟಿತು. ಸಹಾಯಕ ಕರೆದು ಬಳಸುವ ಹೊರಗಿನ ಪ್ರೋಗ್ರಾಂಗೆ ಟೂಲ್ ಎನ್ನುತ್ತಾರೆ. ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಏನೇನು ಕೊಡಬೇಕು ಎಂಬ ನಮೂನೆ ಇರುತ್ತದೆ. ಸಹಾಯಕ ಆ ವಿವರಣೆ ಓದಿಯೇ ಯಾವ ಟೂಲ್ ಕರೆಯಬೇಕು, ಏನು ತುಂಬಬೇಕು ಎಂದು ತೀರ್ಮಾನಿಸುತ್ತದೆ. ಹಾಗಾಗಿ ಆ ಎರಡು ಸಾಲಿನ ವಿವರಣೆಯನ್ನು ಅವಸರದಲ್ಲಿ ಬರೆಯಬಾರದು. ನಾನಾದರೆ ದಿನಾಂಕವನ್ನು ಗೆರೆ ಹಾಕಿ ಒಟ್ಟಿಗೆ ತೆಗೆದುಕೊಳ್ಳುವುದೇ ಇಲ್ಲ. ‘ತಿಂಗಳು’ ಒಂದು ಖಾನೆ, ‘ದಿನ’ ಇನ್ನೊಂದು ಖಾನೆ. ಉತ್ತರದ ಜೊತೆ ‘ನವೆಂಬರ್ 1ರ ಬಗ್ಗೆ’ ಎಂದು ತಿಂಗಳ ಹೆಸರೂ ವಾಪಸ್ ಬರಬೇಕು.

ಇನ್ನೊಂದು ಮುಖ್ಯ ವಿಷಯ. ಸಂಖ್ಯೆಗಳ ಸಂಗತಿಗೆ ಹೆಸರಾದ ನಂಬರ್ಸ್ ಎಪಿಐ ಎಂಬ ಸೇವೆಯಲ್ಲಿ ಟ್ರಿವಿಯಾ, ಮ್ಯಾಥ್, ಡೇಟ್, ಇಯರ್ ಎಂದು ನಾಲ್ಕು ಬಗೆ. ಕೇಳಿದ ಸಂಖ್ಯೆಗೆ ಸಂಗತಿ ಇಲ್ಲದಿದ್ದರೆ ಏನು ಮಾಡಬೇಕು ಎಂದು ನಾವೇ ಮೊದಲು ಹೇಳಬಹುದು. ‘ಫ್ಲೋರ್’ ಎಂದರೆ ಅದಕ್ಕಿಂತ ಕೆಳಗಿನ, ಸಂಗತಿ ಇರುವ ಸಂಖ್ಯೆಗೆ ಇಳಿಯುತ್ತದೆ, ‘ಸೀಲ್’ ಎಂದರೆ ಮೇಲಿನದಕ್ಕೆ ಏರುತ್ತದೆ. ಆಟಕ್ಕಾದರೆ ಚೆನ್ನಾಗಿದೆ. ಶಾಲೆಗೆ ಬೇಡವೇ ಬೇಡ. ಒಂದು ಸಂಖ್ಯೆ ಕೇಳಿದರೆ ಪಕ್ಕದ ಸಂಖ್ಯೆಯ ಕಥೆ ಬರುತ್ತದೆ, ಸಹಾಯಕ ಅದನ್ನು ನೀವು ಕೇಳಿದ ಸಂಖ್ಯೆಗೇ ಅಂಟಿಸಿ ನೀಟಾಗಿ ಕನ್ನಡದಲ್ಲಿ ಬರೆದುಕೊಡುವ ಸಾಧ್ಯತೆ ಇದೆ. ಉತ್ತರದಲ್ಲಿ ‘ಫೌಂಡ್’ ಎಂಬ ಒಂದು ಗುರುತು ಬರುತ್ತದೆ, ಸಿಕ್ಕಿತೋ ಇಲ್ಲವೋ ಎಂದು. ಅದನ್ನು ಎಸೆಯದೆ ಸಹಾಯಕನ ಕೈಗೆ ಮುಟ್ಟಿಸಬೇಕು. ‘ಈ ಸಂಖ್ಯೆಗೆ ನನ್ನ ಬಳಿ ಏನೂ ಇಲ್ಲ’ ಎಂದು ಹೇಳುವ ಅವಕಾಶವನ್ನು ನಾವು ಅದಕ್ಕೆ ಕೊಟ್ಟಿರಬೇಕು. ಕೊಡದಿದ್ದರೆ ಅದು ಏನನ್ನಾದರೂ ಕಟ್ಟುತ್ತದೆ.

ಡಿಎಡ್_ಎರಡನೇ_ವರ್ಷ

ಸರ್ ಒಂದು ಸಣ್ಣ ಪ್ರಶ್ನೆ. ಇವತ್ತು ಎಷ್ಟನೇ ತಾರೀಖು ಅಂತಾದರೂ ಅದಕ್ಕೆ ಗೊತ್ತಿರುತ್ತಲ್ವಾ?

ತುಂಗಾತೀರ

ಯಾರೂ ಹೇಳದಿದ್ದರೆ ಗೊತ್ತಿರುವುದಿಲ್ಲ. ಕಲಿತದ್ದು ಎಲ್ಲಿಗೆ ನಿಂತಿತೋ ಅಲ್ಲಿಗೆ ಅದರ ಕಾಲ ನಿಂತಿದೆ. ಬಳಸುವ ಆ್ಯಪ್ ಒಳಗಿನಿಂದ ತಾರೀಖು ತಿಳಿಸಿದರೆ ಸರಿ, ಇಲ್ಲವಾದರೆ ಗಡಿಯಾರದ ಟೂಲ್ ಒಂದನ್ನು ಕೊಡಬೇಕು. ಕೊಡುವಾಗ ಭಾರತದ ಸಮಯ ಎಂದು ಕಡ್ಡಾಯವಾಗಿ ಹೇಳಿ. ಸರ್ವರ್ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇದ್ದರೆ ನಾವು ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ ಐದಕ್ಕೆ ಎದ್ದು ಚೀಟಿ ಸಿದ್ಧ ಮಾಡುವ ಮೇಡಂಗೆ ಅದು ನಿನ್ನೆಯ ವಿಶೇಷ ಕೊಡುತ್ತದೆ.

ಶಿಲಾಲಿಪಿ

ನಾನು ನಿವೃತ್ತ. ಊರೂರು ಸುತ್ತಿ ಶಾಸನ ಓದುವುದು ನನಗಿರುವ ಒಂದೇ ಗೀಳು. ತುಂಗಾತೀರ ಅವರು ‘ವಾರ ಲೆಕ್ಕ ಹಾಕಿ ತಿಳಿಯುವುದು’ ಎಂದರಲ್ಲ, ಅಲ್ಲಿ ಒಂದು ಹಳ್ಳ ಇದೆ, ನಾನೇ ಅದರಲ್ಲಿ ಬಿದ್ದಿದ್ದೇನೆ.

ರಕ್ಕಸತಂಗಡಿ ಯುದ್ಧಕ್ಕೆ, ವಿಜಯನಗರದ ಇತಿಹಾಸ ಬರೆದ ಸೀವೆಲ್ ಕೊಡುವ ದಿನ 1565ರ ಜನವರಿ 23, ಮಂಗಳವಾರ. ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ, ಶನಿವಾರ ಎಂದಿತು. ಎರಡು ದಿನ ತಲೆ ಕೆಡಿಸಿಕೊಂಡೆ, ಸೀವೆಲ್ ತಪ್ಪಿರಬೇಕು ಎಂದು ಟಿಪ್ಪಣಿಯನ್ನೂ ಬರೆದೆ. ಆಮೇಲೆ ತಿಳಿಯಿತು. 1565ರಲ್ಲಿ ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಹುಟ್ಟಿಯೇ ಇರಲಿಲ್ಲ. 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆದು ಹತ್ತು ದಿನ ಬಿಟ್ಟುಬಿಟ್ಟರು. ಬ್ರಿಟಿಷರು ಬದಲಾಯಿಸಿದ್ದು ಇನ್ನೂ ತಡವಾಗಿ, 1752ರಲ್ಲಿ, ಸೆಪ್ಟೆಂಬರ್ 2 ಆದಮೇಲೆ ನೇರ 14. ಇತಿಹಾಸದ ಪುಸ್ತಕಗಳಲ್ಲಿ 1582ಕ್ಕೆ ಮೊದಲಿನ ದಿನಾಂಕಗಳು ಸಾಮಾನ್ಯವಾಗಿ ಅದಕ್ಕೂ ಹಿಂದಿನ ಜೂಲಿಯನ್ ಪದ್ಧತಿಯವು. ನಾನು ಬಳಸಿದ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಮಾತ್ರ ಹೊಸ ಕ್ಯಾಲೆಂಡರನ್ನೇ ಹಿಂದಕ್ಕೆ ಎಳೆದು ಲೆಕ್ಕ ಹಾಕುತ್ತದೆ. ಜೂಲಿಯನ್ ಲೆಕ್ಕ ಹಾಕಿದರೆ ಮಂಗಳವಾರವೇ. ಸೀವೆಲ್ ಸರಿ ಇದ್ದ.

ಆದ್ದರಿಂದ ವಾರ ಹೇಳುವ ಟೂಲ್, ತಾನು ಯಾವ ಕ್ಯಾಲೆಂಡರಿನಲ್ಲಿ ಲೆಕ್ಕ ಹಾಕಿದೆ ಎಂಬುದನ್ನು ಉತ್ತರದಲ್ಲೇ ಹೇಳಬೇಕು. ಹಳೆಯ ವರ್ಷ ಕೊಟ್ಟರೆ ಎರಡನ್ನೂ ಕೊಡಲಿ.

ಕಲಬುರಗಿ_ಬಿಸಿಲು

ಇದು ನಂಗ ಗೊತ್ತಿರಲಿಲ್ಲ ಸರ್. ಹಂಗಾದ್ರ ನಮ್ಮ ಶಕವರ್ಷ, ಸಂವತ್ಸರ ಕೇಳಿದ್ರ ಏನು ಹೇಳತದ ಅದು?

ಶಿಲಾಲಿಪಿ

ಸಂವತ್ಸರಕ್ಕೆ ನಮ್ಮಲ್ಲಿ ಸರಳ ಸೂತ್ರ ಇದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಕ್ರಮಸಂಖ್ಯೆ, ಶೇಷ ಸೊನ್ನೆಯಾದರೆ ಅಕ್ಷಯ. ಶಕ 1947 ತೆಗೆದುಕೊಳ್ಳಿ. 1959ರಲ್ಲಿ 60 ಮೂವತ್ತೆರಡು ಸಲ ಹೋಗಿ 39 ಉಳಿಯುತ್ತದೆ. ಮೂವತ್ತೊಂಬತ್ತನೆಯದು ವಿಶ್ವಾವಸು. 2025ರ ಯುಗಾದಿಯಿಂದ ಅದೇ ತಾನೇ?

ಆದರೆ ಇದನ್ನು ಐಹೊಳೆಯ ರವಿಕೀರ್ತಿಯ ಶಾಸನಕ್ಕೆ ಹಚ್ಚಬಾರದು. ಅದು ಶಕ 556ರದ್ದು, ಕ್ರಿ.ಶ. 634–35. ಹಿಂದೆ ಈ ಚಕ್ರ ಗುರುಗ್ರಹದ ಚಲನೆಯ ಜೊತೆ ಹೋಗುತ್ತಿತ್ತು, ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರ ಲೋಪವಾಗುತ್ತಿತ್ತು. ಹತ್ತನೆಯ ಶತಮಾನದ ಆರಂಭದ ಹೊತ್ತಿಗೆ ದಕ್ಷಿಣದಲ್ಲಿ ಆ ಲೋಪ ಬಿಟ್ಟರು. ನಮ್ಮ ಸೂತ್ರ ಅಲ್ಲಿಂದ ಈಚೆಗೆ ಮಾತ್ರ ನಡೆಯುತ್ತದೆ.

ಕ್ರಿಸ್ತಶಕಕ್ಕೆ ತರಲು 78 ಕೂಡಿಸುವುದು ಎಲ್ಲರಿಗೂ ಗೊತ್ತು. ಮಾಘ, ಫಾಲ್ಗುಣ ಬಂದರೆ ಅಷ್ಟರಲ್ಲಿ ಹೊಸ ಇಸವಿ ಶುರುವಾಗಿರುತ್ತದೆ, 79 ಕೂಡಿಸಬೇಕು. ಇಲ್ಲಿ ಒಂದು ವರ್ಷ ತಪ್ಪುವವರು ಬಹಳ ಜನ. ಇನ್ನೂ ಒಂದು ತೊಡಕು: ‘ಶಕ’ ಎಂಬ ಒಂದೇ ಹೆಸರಿನ ಕೆಳಗೆ ಎರಡು ಪಂಚಾಂಗ. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ ಸೌರಮಾನದ್ದು, ಮನೆಯದು ಚಾಂದ್ರಮಾನ. 2025ರ ಮಾರ್ಚ್ 25ರಂದು ರಾಷ್ಟ್ರೀಯ ಪಂಚಾಂಗದಲ್ಲಿ ಚೈತ್ರ 4, ಶಕ 1947. ಅದೇ ದಿನ ಮನೆಯ ಪಂಚಾಂಗದಲ್ಲಿ ಇನ್ನೂ ಫಾಲ್ಗುಣ ಬಹುಳ, ಶಕ 1946, ಕ್ರೋಧಿ. ಎರಡೂ ಸರಿ. ಯಾವ ಪಂಚಾಂಗ ಎಂದು ಹೇಳದ ಟೂಲ್ ಮಾತ್ರ ತಪ್ಪು.

ಕೊನೆಯದಾಗಿ ಒಂದು ಕೋರಿಕೆ. ಶಾಸನಗಳಲ್ಲಿ ಶಕವರ್ಷದ ಅಂಕಿಗೂ ಸಂವತ್ಸರದ ಹೆಸರಿಗೂ ಹೊಂದಿಕೆಯಾಗದಿರುವುದು ಅಪರೂಪವಲ್ಲ. ದಯವಿಟ್ಟು ಸಹಾಯಕನಿಗೆ ಅದನ್ನು ‘ಸರಿಪಡಿಸಲು’ ಬಿಡಬೇಡಿ. ಕಲ್ಲಿನ ಮೇಲೆ ಏನಿದೆಯೋ ಅದನ್ನು ಇದ್ದ ಹಾಗೇ ಹೇಳಲಿ, ಲೆಕ್ಕ ಏನು ಹೇಳುತ್ತದೋ ಅದನ್ನು ಪಕ್ಕದಲ್ಲಿ ಹೇಳಲಿ.

ಜರ್ಸಿಯಿಂದ_ಅಕ್ಕ

ನ್ಯೂಜೆರ್ಸಿಯಲ್ಲಿದ್ದೇನೆ, ಹದಿನೆಂಟು ವರ್ಷವಾಯಿತು. ಮೇಲಿನವರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನಮ್ಮ ಅತ್ತೆಯವರು ಏಕಾದಶಿ ಹಿಡಿಯುತ್ತಾರೆ. ಸಹಾಯಕನನ್ನು ಕೇಳಿದರೆ ಬೆಂಗಳೂರಿನ ತಾರೀಖು ಹೇಳುತ್ತದೆ. ಆದರೆ ತಿಥಿ ಎಂದರೆ ಸೂರ್ಯ ಚಂದ್ರರ ನಡುವೆ 12 ಡಿಗ್ರಿ ಅಂತರ ಬೆಳೆಯುವ ಕಾಲ, ಸುಮಾರು 19ರಿಂದ 26 ಗಂಟೆ. ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದು ಆ ದಿನದ್ದು. ನಮ್ಮ ಸೂರ್ಯೋದಯ ಬೆಂಗಳೂರಿನದಕ್ಕಿಂತ ಎಷ್ಟೋ ಗಂಟೆ ತಡ, ಆದ್ದರಿಂದ ಕೆಲವು ಸಲ ತಾರೀಖೇ ಬೇರೆಯಾಗುತ್ತದೆ. ಟೂಲ್‌ಗೆ ದಿನಾಂಕದ ಜೊತೆ ಊರನ್ನೂ ಕೊಡಬೇಕು. ಊರು ಕೊಡದಿದ್ದರೆ ಉತ್ತರ ಹೇಳದೆ ‘ಯಾವ ಊರು?’ ಎಂದು ವಾಪಸ್ ಕೇಳಬೇಕು.

ಹಾಗೇ ಇನ್ನೊಂದು. ‘ಎಂಟು ದಿನ ಬಿಟ್ಟು ನೆನಪಿಸು’ ಎಂದು ಅತ್ತೆ ಕನ್ನಡದಲ್ಲಿ ಹೇಳಿದರು. ಸೋಮವಾರ ಹೇಳಿದವರ ಮನಸ್ಸಿನಲ್ಲಿದ್ದದ್ದು ಮುಂದಿನ ಸೋಮವಾರ. ಅದು ಮಂಗಳವಾರ ನೆನಪಿಸಿತು. ಎಂಟು ದಿನ ಎಂದರೆ ನಮ್ಮಲ್ಲಿ ಒಂದು ವಾರ, ಹದಿನೈದು ದಿನ ಎಂದರೆ ಎರಡು ವಾರ. ಈ ರೂಢಿಯನ್ನು ವಿವರಣೆಯಲ್ಲಿ ಬರೆದಿಡಬೇಕು.

ತುಂಗಾತೀರ

ಅಕ್ಕ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬರೆದುಕೊಂಡೆ. ಖಚಿತ ತಾರೀಖು ಹೇಳಿ ‘ಸೋಮವಾರ, ಸರಿಯೇ?’ ಎಂದು ಕೇಳಿಸಿಬಿಡುವುದು ಒಳ್ಳೆಯದು.

ಕನ್ನಡ ಅಂಕಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ೧೯೫೬ ಎಂದು ಕಳಿಸಿದರೆ ಪೈಥಾನ್ ಅದನ್ನು ಸರಿಯಾಗಿ 1956 ಎಂದೇ ಓದುತ್ತದೆ. ಇನ್ನೊಂದು ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಅದು ಸಂಖ್ಯೆಯೇ ಅಲ್ಲ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಲ್ಲಿ ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂತಿರುತ್ತದೆ, ಕಣ್ಣಿಗೆ ಎರಡೂ ಒಂದೇ ಸೊನ್ನೆ, ಯಂತ್ರಕ್ಕೆ ಎರಡು ಬೇರೆ ಅಕ್ಷರ. ಟೂಲ್ ಒಳಗೆ ಬರುವ ಮುನ್ನವೇ ಇವನ್ನೆಲ್ಲ ಒಂದು ರೂಪಕ್ಕೆ ತರಬೇಕು.

ಡಿಎಡ್_ಎರಡನೇ_ವರ್ಷ

ಹುಟ್ಟಿದ ದಿನಗಳಿಗೆ ವಿಕಿಡೇಟಾ (ವಿಕಿಪೀಡಿಯಾ ಬಳಗದ ಮಾಹಿತಿ ಕೋಶ) ಜೋಡಿಸಿದರೆ ಸಾಕಾಗುತ್ತಾ ಸರ್? ನಾನು ಪ್ರಯತ್ನಿಸಿದಾಗ ಜನವರಿ 1ರಂದು ಹುಟ್ಟಿದವರು ವಿಪರೀತ ಜನ ಸಿಕ್ಕಿದರು.

ತುಂಗಾತೀರ

ಅವರಲ್ಲಿ ಬಹಳ ಮಂದಿ ಜನವರಿ 1ರಂದು ಹುಟ್ಟಿದವರಲ್ಲ. ವಿಕಿಡೇಟಾದಲ್ಲಿ ಪ್ರತಿ ದಿನಾಂಕಕ್ಕೂ ನಿಖರತೆಯ ಒಂದು ಅಂಕಿ ಇರುತ್ತದೆ. 11 ಎಂದರೆ ದಿನದವರೆಗೆ ಗೊತ್ತು, 9 ಎಂದರೆ ಇಸವಿ ಮಾತ್ರ ಗೊತ್ತು. ಇಸವಿ ಮಾತ್ರ ಗೊತ್ತಿದ್ದರೂ ಕ್ವೆರಿಯ (ಹುಡುಕಾಟದ) ಉತ್ತರದಲ್ಲಿ ಜನವರಿ 1 ಎಂದೇ ಕಾಣುತ್ತದೆ. 11 ಇರುವವನ್ನು ಮಾತ್ರ ತೆಗೆದುಕೊಳ್ಳಿ.

ಗಣಿತದ_ಮೇಡಂ

ನಮ್ಮ ಕಡೆ ಅದೇ ಕಥೆ ಜೂನ್ 1ರಲ್ಲಿ ನಡೆಯುತ್ತದೆ! ಹಿಂದೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಬರೆದುಕೊಳ್ಳುತ್ತಿದ್ದುದು ಜೂನ್ 1. ನಮ್ಮ ತಂದೆಯವರದೂ, ಇಬ್ಬರು ಚಿಕ್ಕಪ್ಪಂದಿರದೂ ದಾಖಲೆಯಲ್ಲಿ ಅದೇ ದಿನ. ದಾಖಲೆಯಲ್ಲಿದೆ ಎಂದ ಮಾತ್ರಕ್ಕೆ ಹುಟ್ಟಿದ ದಿನವಾಗುವುದಿಲ್ಲ.

ಹಾಗಾದರೆ ವಿಶ್ವೇಶ್ವರಯ್ಯನವರ ವಿಷಯ ಹೇಗೆ? ಸೆಪ್ಟೆಂಬರ್ 15 ಎಲ್ಲರೂ ಒಪ್ಪುತ್ತಾರೆ. ಇಸವಿ ಕೆಲವು ಪುಸ್ತಕದಲ್ಲಿ 1860, ಕೆಲವದರಲ್ಲಿ 1861. ಮಕ್ಕಳು ಎರಡೂ ಓದಿಕೊಂಡು ಬಂದು ನನ್ನ ಮುಖ ನೋಡುತ್ತಾರೆ.

ಶಿಲಾಲಿಪಿ

ಮೇಡಂ, ಎರಡನ್ನೂ ಹೇಳಿ. ಎರಡು ದಾಖಲೆ ಎರಡು ಮಾತು ಹೇಳಬಹುದು ಎಂದು ಹದಿನಾಲ್ಕನೇ ವಯಸ್ಸಿಗೆ ತಿಳಿದ ಮಗು ಮುಂದೆ ಯಾವ ಪರದೆಯ ಮೇಲಿನ ಮಾತನ್ನೂ ಕಣ್ಣು ಮುಚ್ಚಿ ನಂಬುವುದಿಲ್ಲ. ಟೂಲ್ ಕೂಡ ಒಂದನ್ನು ಆರಿಸಿ ಇನ್ನೊಂದನ್ನು ನುಂಗಬಾರದು.

ಗಣಿತದ_ಮೇಡಂ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ತುಂಗಾತೀರ ಸರ್ ಎರಡು ಭಾನುವಾರ ನನ್ನ ಜೊತೆ ಫೋನಿನಲ್ಲಿ ಕೂತು ಮಾಡಿಸಿಕೊಟ್ಟರು, ಅವರ ಋಣ ದೊಡ್ಡದು. ಈಗ ಎರಡು ಟೂಲ್ ಇವೆ. ಒಂದು ಲೆಕ್ಕದ್ದು: ಅಪವರ್ತನ, ವಾರ, ಸಂವತ್ಸರ. ಇನ್ನೊಂದು ದಾಖಲೆಯದ್ದು. ಅದು ಇಂಟರ್ನೆಟ್ಟಿಗೆ ಹೋಗುವುದಿಲ್ಲ, ನಾವೇ ತುಂಬುತ್ತಿರುವ ಪಟ್ಟಿಯನ್ನು ಮಾತ್ರ ಓದುತ್ತದೆ. ಪಟ್ಟಿಯಲ್ಲಿ ಸಂಗತಿ, ಎಲ್ಲಿ ಓದಿದ್ದು, ಯಾರು ಪರಿಶೀಲಿಸಿದ್ದು ಎಂದು ಮೂರು ಖಾನೆ. ಇಬ್ಬರು ಮಕ್ಕಳು ಎರಡು ಬೇರೆ ಪುಸ್ತಕದಲ್ಲಿ ನೋಡಿ ಸಹಿ ಹಾಕದೆ ಒಂದು ಸಾಲೂ ಒಳಗೆ ಹೋಗುವುದಿಲ್ಲ. ಕಲಬುರಗಿ ಸರ್, ಇದು ನಿಮ್ಮ ಮಾತಿನಿಂದ ಬಂದದ್ದು.

ಇವತ್ತಿಗೆ 112 ಸಾಲು ಆಗಿದೆ. ನವೆಂಬರ್ 1ಕ್ಕೆ ಎರಡು ಸಾಲು: 1956ರಲ್ಲಿ ರಾಜ್ಯ ಒಂದಾದದ್ದು, 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಎಂಬ ಹೆಸರು ಬಂದದ್ದು. ಡಿಸೆಂಬರ್ 22 ರಾಮಾನುಜನ್, ಡಿಸೆಂಬರ್ 29 ಕುವೆಂಪು. 6174ರ ಪಕ್ಕ, ಅದರ ಗುಣ ಕಂಡುಹಿಡಿದವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಎಂದು ಬರೆದಾಗ ಮಕ್ಕಳು ‘ಮೇಷ್ಟ್ರಾ?’ ಎಂದು ಕೇಳಿದರು. ಹೌದು, ನಿಮ್ಮ ಹಾಗೆ ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಎಂದೆ.

ಮೊನ್ನೆ 217 ಕೇಳಿದೆ. ‘7 × 31. ಪಟ್ಟಿಯಲ್ಲಿ ಈ ಸಂಖ್ಯೆಗೆ ಬೇರೆ ಸಂಗತಿ ಇಲ್ಲ’ ಎಂದಿತು. ನನಗೆ ಆ ಎರಡನೇ ವಾಕ್ಯ ಓದಿ ಆದಷ್ಟು ಸಂತೋಷ ಬೇರೆ ಯಾವ ಉತ್ತರಕ್ಕೂ ಆಗಿರಲಿಲ್ಲ.

ಕಲಬುರಗಿ_ಬಿಸಿಲು

ಮೇಡಂ, ಭಾಳ ಛಲೋ ಆತು. ನಿಮ್ಮ ಪಟ್ಟಿಗೆ ನನ್ನದೊಂದು ಸಾಲು ತಗೋರಿ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಾಗ ಮಹಾವೀರಾಚಾರ್ಯ ಅಂತ ಗಣಿತಜ್ಞ ಇದ್ದ. ನಮ್ಮ ಕಡೆ ಮಳಖೇಡನೇ ಆಗ ರಾಜಧಾನಿ. ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ ಬರದ. ಅದರಾಗ ಗುಣಾಕಾರ ಮಾಡಿದ್ರ ಕೊರಳ ಹಾರದಂಗ ಉತ್ತರ ಬರೋ ಲೆಕ್ಕ ಅವ. 152207ಕ್ಕ 73ರಿಂದ ಗುಣಿಸಿ ನೋಡ್ರಿ.

ಗಣಿತದ_ಮೇಡಂ

ಈಗಷ್ಟೇ ಚೀಟಿಯಲ್ಲಿ ಗುಣಿಸಿದೆ ಸರ್! ಎಂಟು ಒಂದುಗಳು, ಸಾಲಾಗಿ. ನಾಳೆ ಬೆಳಿಗ್ಗೆ ಇದೇ.

ಶಿಲಾಲಿಪಿ

ಅದೇ ಗ್ರಂಥದಿಂದ ಇನ್ನೊಂದು, ಹತ್ತನೇ ತರಗತಿಗೆ: 27994681 × 441. ಉತ್ತರ ಇಲ್ಲಿ ಬರೆಯುವುದಿಲ್ಲ. ಮಕ್ಕಳು ಗುಣಿಸಲಿ, ಆಮೇಲೆ ಸಹಿ ಹಾಕಿಸಿ ಪಟ್ಟಿಗೆ ಸೇರಿಸಿ.